ಬಿರಡೆ ತೆಗೆದರೆ ಬೆಲೆ ಹೋಯ್ತು: ಶಾಟೋ ಲಫೀಟ್ ಎಂಬ ಹಳೇ ಹೆಸರಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತು ಒಂದು ಬಾಟಲಿಯ ಬಗ್ಗೆ ಮಾತಾಡೋಣ. 1985ರ ಡಿಸೆಂಬರ್ 5, ಲಂಡನ್ನಿನ ಕ್ರಿಸ್ಟೀಸ್ ಹರಾಜು ಮನೆ. ಹರಾಜಿಗೆ ಬಂದಿದ್ದು ಕೈಯಲ್ಲಿ ಊದಿ ಮಾಡಿದ, ಕಡು ಹಸಿರು ಗಾಜಿನ ಒಂದು ಹಳೇ ಬಾಟಲಿ. ಅದಕ್ಕೆ ಲೇಬಲ್ ಇಲ್ಲ. ಗಾಜಿನ ಮೇಲೆಯೇ ಇಸವಿ ಕೆತ್ತಿದೆ: 1787. ಅದರ ಜೊತೆ ಲಫೀಟ್ ಎಂಬ ಹೆಸರು. ಕೆಳಗೆ 'ಟಿಎಚ್.ಜೆ.' ಅನ್ನೋ ಅಕ್ಷರಗಳು. ಥಾಮಸ್ ಜೆಫರ್ಸನ್, ಅಂದರೆ ಅಮೆರಿಕದ ಮೂರನೇ ಅಧ್ಯಕ್ಷರು, ತಮಗಾಗಿ ಇಟ್ಟುಕೊಂಡಿದ್ದ ವೈನ್ ಇದು ಅಂತ ಮಾತು. ಹರಾಜು ಕೂಗಿದವರು ಮೈಕಲ್ ಬ್ರಾಡ್‌ಬೆಂಟ್. ಆ ಕಾಲಕ್ಕೆ ಹಳೇ ವೈನ್ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಕೊನೆಗೆ ಬಾಟಲಿ ಹೋಗಿದ್ದು 1,05,000 ಪೌಂಡ್‌ಗೆ. ಒಂದೇ ಬಾಟಲಿ ವೈನ್‌ಗೆ ಅಲ್ಲಿಯವರೆಗೆ ಯಾರೂ ಅಷ್ಟು ದುಡ್ಡು ಕೊಟ್ಟಿರಲಿಲ್ಲ. ಕೊಂಡವರು ಅಮೆರಿಕದ ಫೋರ್ಬ್ಸ್ ಪತ್ರಿಕೆಯ ಮಾಲೀಕರ ಮಗ ಕಿಪ್ ಫೋರ್ಬ್ಸ್.

ಈಗ ನನ್ನ ಪ್ರಶ್ನೆ. ಅವರು ಕೊಂಡಿದ್ದು ಏನು? 200 ವರ್ಷ ಹಳೇ ದ್ರಾಕ್ಷಾರಸ ಬಹುಪಾಲು ಕುಡಿಯೋಕೆ ಲಾಯಕ್ಕಾಗಿ ಉಳಿದಿರಲ್ಲ. ಗಾಜಿಗೆ ಅಷ್ಟು ಬೆಲೆ ಇಲ್ಲ. ಹಾಗಾದರೆ ಆ ಲಕ್ಷ ಪೌಂಡ್ ಹೋಗಿದ್ದು ಯಾವುದಕ್ಕೆ?

ಈ ಪ್ರಶ್ನೆ ಹಿಡ್ಕೊಂಡೇ ಇವತ್ತಿನ ಸಂಚಿಕೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಕುಡಿಯಿರಿ ಅಂತ ಹೇಳೋ ಕಾರ್ಯಕ್ರಮ ಅಲ್ಲ, ಇದರಲ್ಲಿ ದುಡ್ಡು ಹಾಕಿ ಅಂತ ಹೇಳೋದೂ ಅಲ್ಲ. ನಂಬಿಕೆಗೆ ಮಾರುಕಟ್ಟೆಯಲ್ಲಿ ಹೇಗೆ ಬೆಲೆ ಕಟ್ಟುತ್ತಾರೆ ಅನ್ನೋದೇ ನನ್ನ ಆಸಕ್ತಿ.

ಕಲ್ಲುಮಣ್ಣಿನ ದಿಣ್ಣೆ

ಮೊದಲು ಊರು ನೋಡೋಣ. ಫ್ರಾನ್ಸಿನ ನೈಋತ್ಯಕ್ಕೆ ಬೋರ್ಡೋ ನಗರ. ಅಲ್ಲಿಂದ ಉತ್ತರಕ್ಕೆ ಹೊರಟರೆ ಜಿರೋಂಡ್ ಎಂಬ ದೊಡ್ಡ ಅಳಿವೆಯ ಎಡದಂಡೆ, ಮೆಡಾಕ್ ಅನ್ನೋ ಪ್ರದೇಶ. ಅಲ್ಲಿ ಪೋಯಾಕ್ ಅಂತ ಒಂದು ಊರು. ಅದರ ಅಂಚಿನಲ್ಲಿದೆ ಶಾಟೋ ಲಫೀಟ್ ರಾತ್‌ಶೀಲ್ಡ್. ಶಾಟೋ ಅಂದರೆ ಕೋಟೆ, ಬಂಗಲೆ ಅಂತ ಅರ್ಥ. ಬೋರ್ಡೋದಲ್ಲಿ ಮಾತ್ರ ವೈನ್ ಮಾಡೋ ತೋಟಕ್ಕೇ ಹಾಗಂತಾರೆ. ಲಫೀಟ್ ಅನ್ನೋ ಹೆಸರು ಆ ಸೀಮೆಯ ಹಳೇ ಗ್ಯಾಸ್ಕನ್ ಮಾತಿನ 'ಲಾ ಹೀಟ್' ನಿಂದ ಬಂತಂತೆ. ಅಂದರೆ ದಿಣ್ಣೆ. ನಮ್ಮ ಕಡೆ ದಿಬ್ಬೂರು, ದಿಣ್ಣೂರು ಅಂತ ಹೆಸರಿರೋ ಹಾಗೆ.

ಅಲ್ಲಿನ ಮಣ್ಣು ನೋಡಿದರೆ ನಮ್ಮ ರೈತರು ಮೂಗು ಮುರೀತಾರೆ. ಬರೀ ಗರಸು, ನುಣುಪು ಕಲ್ಲು. ಗೋಧಿ, ಜೋಳಕ್ಕೆ ಲಾಯಕ್ಕಿಲ್ಲ. ದ್ರಾಕ್ಷಿಗೆ ಅದೇ ಬೇಕು. ಮಳೆ ನೀರು ನಿಲ್ಲದೆ ಬಸಿದು ಹೋಗುತ್ತೆ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತೆ. ಹಗಲು ಕಾದ ಕಲ್ಲು ರಾತ್ರಿ ಬಿಸಿ ಬಿಡುತ್ತೆ, ಹಣ್ಣು ಚೆನ್ನಾಗಿ ಮಾಗುತ್ತೆ. ಬಳ್ಳಿ ಸೊಂಪಾಗಿ ಹಬ್ಬದೆ ಕಡಿಮೆ ಹಣ್ಣು ಬಿಡುತ್ತೆ, ಆ ಹಣ್ಣಲ್ಲಿ ರುಚಿ ಗಟ್ಟಿಯಾಗಿರುತ್ತೆ. ತೋಟ ಸುಮಾರು 110 ಹೆಕ್ಟೇರ್. ಹೆಚ್ಚಿನ ಪಾಲು ಕ್ಯಾಬರ್ನೆ ಸೋವಿನ್ಯೋಂ ಎಂಬ ತಳಿ, ಜೊತೆಗೆ ಮೆರ್ಲೋ, ಸ್ವಲ್ಪ ಕ್ಯಾಬರ್ನೆ ಫ್ರಾಂಕ್, ಪೆಟಿ ವರ್ಡೋ. ಬಳ್ಳಿಗಳ ಸರಾಸರಿ ವಯಸ್ಸು 40 ವರ್ಷದ ಆಸುಪಾಸು. ಲಾ ಗ್ರಾವಿಯೇರ್ ಅನ್ನೋ ಒಂದು ತುಂಡು ನೆಲದಲ್ಲಿ 1886ರಲ್ಲಿ ನೆಟ್ಟದ್ದು ಇನ್ನೂ ಇದೆ.

ಜಾಗಕ್ಕೆ ಇಷ್ಟು ಮಹತ್ವ ಯಾಕೆ ಅಂತ ಕೇಳಬಹುದು. ಮಲೆನಾಡಿನವರಿಗೆ ಇದನ್ನು ವಿವರಿಸೋದೇ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋ ಮನೆಯಲ್ಲಿ ಮೊದಲು ಕೇಳೋದೇ 'ಯಾವ ಮರದ ಮಿಡಿ' ಅಂತ. ಅದೇ ಹೊಳೆದಂಡೆ, ಅದೇ ಮಾವು, ಆದರೆ ಈ ಮರದ್ದು ವರ್ಷಗಟ್ಟಲೆ ಗರಿಗರಿಯಾಗಿ ನಿಲ್ಲುತ್ತೆ, ಆಚೆ ಮರದ್ದು ಮೆತ್ತಗಾಗುತ್ತೆ. ಫ್ರಾನ್ಸಿನವರು ಇದೇ ಲೆಕ್ಕಾಚಾರವನ್ನು ದಾಖಲೆ ಮಾಡಿದರು, ಕಾನೂನು ಮಾಡಿದರು, ಆಮೇಲೆ ಅದಕ್ಕೆ ಬೆಲೆ ಕಟ್ಟಿದರು.

ಒಡೆಯರು ಬದಲಾದರು, ತೋಟ ಉಳೀತು

ಲಫೀಟ್ ಹೆಸರು ದಾಖಲೆಯಲ್ಲಿ 13ನೇ ಶತಮಾನದಷ್ಟು ಹಿಂದೆಯೇ ಸಿಗುತ್ತೆ. ಆದರೆ ವೈನ್ ತೋಟವಾಗಿ ಅದು ಎದ್ದು ನಿಂತಿದ್ದು 17ನೇ ಶತಮಾನದ ಕೊನೆಯಲ್ಲಿ, ಸೆಗೂರ್ ಮನೆತನದ ಕೈಯಲ್ಲಿ. ಮುಂದಿನ ಶತಮಾನದಲ್ಲಿ ಲಂಡನ್ನಿನ ಶ್ರೀಮಂತರ ಮೇಜಿಗೂ ವರ್ಸೇಲ್ಸ್ ಅರಮನೆಗೂ ಇದರ ವೈನ್ ಹೋಗ್ತಿತ್ತು.

ಈಗ ಜೆಫರ್ಸನ್ ವಿಷಯಕ್ಕೆ ಬರ್ತೀನಿ. 1785ರಿಂದ 1789ರವರೆಗೆ ಅವರು ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. 1787ರಲ್ಲಿ ಬೋರ್ಡೋಗೆ ಹೋಗಿ ತೋಟಗಳನ್ನು ನೋಡಿ, ಯಾವುದು ಮೊದಲ ದರ್ಜೆ ಅಂತ ಟಿಪ್ಪಣಿ ಮಾಡ್ಕೊಂಡರು. ಆ ನಾಲ್ಕರಲ್ಲಿ ಲಫೀಟ್ ಕೂಡ ಒಂದು. ಇಲ್ಲಿ ನಮ್ಮ ಕಡೆಯ ಒಂದು ಸಣ್ಣ ಸಂಗತಿ. ಮರುವರ್ಷ, 1788ರಲ್ಲಿ, ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳೂ ಪ್ಯಾರಿಸ್‌ಗೆ ಬಂದಿಳಿದರು. ಆಗಸ್ಟ್‌ನಲ್ಲಿ ವರ್ಸೇಲ್ಸ್‌ನಲ್ಲಿ ದೊರೆ 16ನೇ ಲೂಯಿಯನ್ನು ಕಂಡರು. ಮೈಸೂರಿನವರು ಬ್ರಿಟಿಷರ ವಿರುದ್ಧ ಸೇನೆಯ ನೆರವು ಕೇಳ್ತಿದ್ದ ಅದೇ ಊರಿನಲ್ಲಿ ಆಗ ಜೆಫರ್ಸನ್ ಕೂಡ ಇದ್ದರು.

ಟಿಪ್ಪುವಿನ ಕಡೆಯವರು ಕಂಡ ದೊರೆ ಐದು ವರ್ಷದೊಳಗೆ ಗಿಲೊಟಿನ್‌ಗೆ ತಲೆ ಕೊಟ್ಟ. ಆ ಕ್ರಾಂತಿ ಲಫೀಟ್‌ನನ್ನೂ ಬಿಡಲಿಲ್ಲ. ಆಗಿನ ಒಡೆಯ ನಿಕೋಲಾ ಪಿಯರ್ ಡಿ ಪಿಶಾರ್ 1794ರಲ್ಲಿ ಗಿಲೊಟಿನ್‌ಗೆ ಬಲಿಯಾದರು. ತೋಟವನ್ನು ಸರ್ಕಾರ ವಶಪಡಿಸಿಕೊಂಡು ಮಾರಿತು. ಹೊಸ ಒಡೆಯರು ಬಂದರು, ಹೋದರು. ಬಳ್ಳಿ ಮಾತ್ರ ವರ್ಷಾವರ್ಷ ಚಿಗುರುತ್ತಲೇ ಇತ್ತು.

ಆಮೇಲೆ 1855. ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ. ಬೋರ್ಡೋದ ವೈನ್‌ಗಳನ್ನು ದರ್ಜೆವಾರು ಪಟ್ಟಿ ಮಾಡಿ ಅಂತ ಕೇಳಿಕೆ ಬಂತು. ಪಟ್ಟಿ ಮಾಡಿದವರು ವೈನ್ ದಲ್ಲಾಳಿಗಳು. ಅವರು ಕೂತು ರುಚಿ ನೋಡಲಿಲ್ಲ. ಎಷ್ಟೋ ವರ್ಷಗಳಿಂದ ಯಾವ ತೋಟದ ವೈನ್‌ಗೆ ಎಷ್ಟು ಬೆಲೆ ಬರ್ತಿದೆ ಅನ್ನೋದೇ ಅವರ ಅಳತೆಗೋಲು. ಮೊದಲ ದರ್ಜೆಗೆ ನಾಲ್ಕು ಹೆಸರು ಬಂದವು: ಲಫೀಟ್, ಮಾರ್ಗೋ, ಲಾಟೂರ್, ಓ-ಬ್ರಿಯೋಂ. ಆ ಪಟ್ಟಿ ಇವತ್ತಿಗೂ ನಡೀತಿದೆ. ಮೊದಲ ದರ್ಜೆಗೆ ಹೊಸದಾಗಿ ಸೇರಿದ್ದು ಒಂದೇ ಒಂದು ತೋಟ, ಮೂಟನ್, ಅದೂ 1973ರಲ್ಲಿ.

ಇದನ್ನು ಸ್ವಲ್ಪ ನಿಂತು ಯೋಚನೆ ಮಾಡಿ. ಬೆಲೆ ಜಾಸ್ತಿ ಇತ್ತು ಅಂತ ದರ್ಜೆ ಸಿಕ್ತು. ದರ್ಜೆ ಸಿಕ್ಕಿದ್ದಕ್ಕೆ ಬೆಲೆ ಜಾಸ್ತಿಯಾಗಿ ಉಳೀತು. 170 ವರ್ಷಗಳಿಂದ ಈ ಚಕ್ರ ತಿರುಗ್ತಾ ಇದೆ.

1868ರ ಆಗಸ್ಟ್‌ನಲ್ಲಿ ಬ್ಯಾಂಕ್ ವ್ಯವಹಾರದಲ್ಲಿ ಹೆಸರಾದ ಜೇಮ್ಸ್ ಡಿ ರಾತ್‌ಶೀಲ್ಡ್ ಲಫೀಟನ್ನು 44 ಲಕ್ಷ ಫ್ರಾಂಕ್‌ಗೆ ಕೊಂಡರು. ಮೂರೇ ತಿಂಗಳಲ್ಲಿ ತೀರಿಕೊಂಡರು. ಆದರೆ ತೋಟ ಆ ಮನೆತನ ಬಿಟ್ಟು ಹೋಗಲಿಲ್ಲ. ಆಮೇಲೆ ಫಿಲಾಕ್ಸೆರಾ ಅನ್ನೋ ಬೇರುಹುಳ ಬಂದು ಯುರೋಪಿನ ದ್ರಾಕ್ಷಿತೋಟಗಳನ್ನೇ ತಿಂದುಹಾಕಿತು. ಅಮೆರಿಕದ ಬೇರಿಗೆ ಫ್ರಾನ್ಸಿನ ಬಳ್ಳಿ ಕಸಿ ಕಟ್ಟಿ ಉಳಿಸಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಯಹೂದಿ ಮನೆತನ ಅನ್ನೋ ಕಾರಣಕ್ಕೆ ತೋಟವನ್ನು ಕಿತ್ಕೊಂಡರು, ಜರ್ಮನ್ ಸೈನಿಕರು ಬೀಡುಬಿಟ್ಟರು. ಯುದ್ಧ ಮುಗಿದ ಮೇಲೆ, 1945ರ ಕೊನೆಗೆ ಕುಟುಂಬದ ಕೈಗೆ ವಾಪಸ್ ಬಂತು. 2018ರಿಂದ ಅದನ್ನು ನಡೆಸ್ತಾ ಇರೋರು ಅದೇ ಮನೆತನದ ಸಾಸ್ಕಿಯಾ ಡಿ ರಾತ್‌ಶೀಲ್ಡ್.

ಇದನ್ನು ಕೂಡಿಡೋದು ಯಾಕೆ?

ಒಂದು ತಪ್ಪು ಕಲ್ಪನೆ ಬಿಡಿಸೋಣ. ಲಫೀಟ್ ಅಂದ್ರೆ ವರ್ಷಕ್ಕೆ ನೂರಿನ್ನೂರು ಬಾಟಲಿ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಅಲ್ಲ. ತೋಟದ ಮುಖ್ಯ ವೈನ್ ಒಂದೊಂದು ವರ್ಷ ಎರಡು ಲಕ್ಷ ಬಾಟಲಿಗಳ ಆಸುಪಾಸಿನಲ್ಲೇ ತಯಾರಾಗುತ್ತೆ. ಅದರ ಮಟ್ಟಕ್ಕೆ ಬರದ ರಸ ಕರುವಾಡ್ ಅನ್ನೋ ಎರಡನೇ ಹೆಸರಲ್ಲಿ ಹೋಗುತ್ತೆ. ಹಾಗಾದರೆ ಅಪರೂಪ ಆಗೋದು ಹೇಗೆ? ಕುಡಿದು ಕುಡಿದು! 1982ರ ಬೆಳೆಯ ವೈನ್ ಮತ್ತೆ ತಯಾರಾಗಲ್ಲ. ಜಗತ್ತಿನ ಯಾವುದೋ ಮೂಲೆಯ ಮದುವೆಯಲ್ಲಿ ಒಂದು ಬಾಟಲಿ ತೆಗೆದರೆ, ಉಳಿದವುಗಳ ಸಂಖ್ಯೆ ಒಂದು ಕಡಿಮೆ ಆಯ್ತು. ಚಿನ್ನ ಕರಗಿಸಿದರೂ ಚಿನ್ನವೇ. ಚಿತ್ರ ಎಷ್ಟು ಸಲ ನೋಡಿದರೂ ಸವೆಯಲ್ಲ. ವೈನ್ ಮಾತ್ರ ಬಳಸಿದರೆ ಮುಗೀತು.

ಇನ್ನೊಂದು ಕಾರಣ, ಅದು ಒಳಗೇ ಬದಲಾಗ್ತಾ ಹೋಗುತ್ತೆ. ದ್ರಾಕ್ಷಿ ಸಿಪ್ಪೆ ಮತ್ತು ಬೀಜದಿಂದ ಬರೋ ಟ್ಯಾನಿನ್ ಅನ್ನೋ ಒಗರು, ಜೊತೆಗೆ ಹುಳಿ, ಎರಡೂ ಸೇರಿ ವೈನನ್ನು ಬೇಗ ಕೆಡದ ಹಾಗೆ ಕಾಪಾಡ್ತವೆ. ಓಕ್ ಮರದ ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ ಇಟ್ಟು ಆಮೇಲೆ ಬಾಟಲಿಗೆ ತುಂಬ್ತಾರೆ. ಆ ಪೀಪಾಯಿಗಳನ್ನೂ ಲಫೀಟ್‌ನವರು ಪೋಯಾಕ್‌ನ ತಮ್ಮದೇ ಕಾರ್ಖಾನೆಯಲ್ಲಿ ಮಾಡ್ಕೊಳ್ತಾರೆ. ಹೊಸದಾಗಿದ್ದಾಗ ನಾಲಿಗೆ ಒಣಗಿಸೋ ಅಷ್ಟು ಒಗರಿರೋ ವೈನ್, ಹತ್ತಿಪ್ಪತ್ತು ವರ್ಷ ಕಳೆದರೆ ಮೆತ್ತಗಾಗುತ್ತೆ, ಬೇರೆಯದೇ ಪರಿಮಳ ಬರುತ್ತೆ. ಒಳ್ಳೇ ವರ್ಷದ ಲಫೀಟ್ 50 ವರ್ಷ ದಾಟಿದರೂ ಕುಡಿಯೋ ಹಾಗಿರುತ್ತೆ. ಆದರೆ ಕೊನೆ ಅಂತ ಒಂದು ಇದ್ದೇ ಇದೆ. ಏರುತ್ತೆ, ಒಂದಷ್ಟು ಕಾಲ ನಿಲ್ಲುತ್ತೆ, ಆಮೇಲೆ ಇಳಿಯುತ್ತೆ. ನಮ್ಮ ಹಾಗೆಯೇ.

ಅದಕ್ಕೇ ಇಡೋ ರೀತಿ ಮುಖ್ಯ. ಕತ್ತಲೆ ಇರಬೇಕು. ತಂಪು 12-13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏರುಪೇರಿಲ್ಲದೆ ಇರಬೇಕು. ಗಾಳಿಯಲ್ಲಿ ತೇವ ಬೇಕು. ಬಾಟಲಿ ಮಲಗಿರಬೇಕು, ಬಿರಡೆ ಸದಾ ಒದ್ದೆಯಾಗಿರೋ ಹಾಗೆ. ಬಿರಡೆ ಒಣಗಿದರೆ ಕುಗ್ಗುತ್ತೆ, ಗಾಳಿ ಒಳಗೆ ಹೋಗುತ್ತೆ, ವೈನ್ ಕೆಡುತ್ತೆ. ಹಳೇ ಬಾಟಲಿ ಕೊಳ್ಳೋರು ಮೊದಲು ನೋಡೋದು ಕುತ್ತಿಗೆಯಲ್ಲಿ ವೈನ್ ಎಲ್ಲಿವರೆಗೆ ಇದೆ ಅಂತ. ಮಟ್ಟ ಭುಜದವರೆಗೆ ಇಳಿದಿದ್ದರೆ ಬೆಲೆಯೂ ಇಳಿಯುತ್ತೆ.

ಆ 1787ರ ಬಾಟಲಿ ಏನಾಯ್ತು ಗೊತ್ತಾ? ಫೋರ್ಬ್ಸ್ ಕುಟುಂಬ ಅದನ್ನು ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಪ್ರದರ್ಶನಕ್ಕಿಟ್ಟಿತು. ದೀಪದ ಬಿಸಿಗೆ ಬಿರಡೆ ಒಣಗಿ, ಕುಗ್ಗಿ, ಸೀದಾ ಒಳಗೆ ಬಿತ್ತು. ಅಲ್ಲಿಗೆ ಜಗತ್ತಿನ ಅತಿ ದುಬಾರಿ ವೈನ್ ಮುಗೀತು.

ಗೋಡೆಯ ಹಿಂದಿನ ಕಥೆ

ಆದರೆ ಬಿರಡೆ ಬೀಳೋದಕ್ಕಿಂತ ದೊಡ್ಡ ಪ್ರಶ್ನೆ ಒಂದಿತ್ತು. ಅದು ನಿಜವಾಗ್ಲೂ ಜೆಫರ್ಸನ್ ಬಾಟಲಿಯೇನಾ?

ಬಾಟಲಿಯನ್ನು ಹರಾಜಿಗೆ ಕೊಟ್ಟವರು ಹಾರ್ಡಿ ರೋಡನ್‌ಸ್ಟಾಕ್ ಅನ್ನೋ ಜರ್ಮನ್ ಸಂಗ್ರಾಹಕ. ಪ್ಯಾರಿಸ್‌ನ ಒಂದು ಹಳೇ ಮನೆಯ ನೆಲಮಾಳಿಗೆಯಲ್ಲಿ, ಮುಚ್ಚಿದ ಗೋಡೆಯ ಹಿಂದೆ ಸಿಕ್ಕಿದ್ದು ಅಂತ ಅವರ ಮಾತು. ಯಾವ ಮನೆ? ಹೇಳಲ್ಲ. ಒಟ್ಟು ಎಷ್ಟು ಸಿಕ್ತು? ಅದನ್ನೂ ಸರಿಯಾಗಿ ಹೇಳಲಿಲ್ಲ. ಹರಾಜು ಸಂಸ್ಥೆ ಗಾಜಿನ ತಜ್ಞರ ಅಭಿಪ್ರಾಯ ಪಡೆದಿತ್ತು, ಬಾಟಲಿಯೂ ಅಕ್ಷರಗಳ ಶೈಲಿಯೂ ಆ ಕಾಲದ್ದೇ ಅಂತ. ಆದರೆ ಜೆಫರ್ಸನ್ ದಿನದಿನದ ಖರ್ಚು ಬರೆದಿಟ್ಟ ಮನುಷ್ಯ. ವೈನ್‌ಗೆ ಬರೆದ ಪತ್ರ, ಲೆಕ್ಕ, ಎಲ್ಲ ಉಳಿದಿವೆ. ಅವರ ಮನೆ ಮಾಂಟಿಚೆಲ್ಲೋದ ಸಂಶೋಧಕರು ಆ ಕಾಗದಗಳನ್ನು ಜಾಲಾಡಿದರೂ ಈ ಬಾಟಲಿಗಳಿಗೆ ಹೊಂದೋ ಒಂದು ಸಾಲೂ ಸಿಗಲಿಲ್ಲ.

1988ರಲ್ಲಿ ಬಿಲ್ ಕೋಕ್ ಅನ್ನೋ ಅಮೆರಿಕದ ಕೋಟ್ಯಧೀಶರು ಇದೇ ಸರಣಿಯ ನಾಲ್ಕು ಬಾಟಲಿಗಳನ್ನು ಸುಮಾರು ಐದು ಲಕ್ಷ ಡಾಲರ್ ಕೊಟ್ಟು ಕೊಂಡಿದ್ದರು. 2005ರಲ್ಲಿ ಅವರ ಸಂಗ್ರಹವನ್ನು ಬೋಸ್ಟನ್ನಿನ ಮ್ಯೂಸಿಯಂ ಒಂದರಲ್ಲಿ ಇಡೋ ಸಂದರ್ಭ ಬಂತು. ಮ್ಯೂಸಿಯಂನವರು ಸಹಜವಾಗಿ ಕೇಳಿದರು: ಇವು ಎಲ್ಲಿಂದ ಬಂದವು, ಕಾಗದ ಪತ್ರ ಏನಿದೆ? ಹುಡುಕೋಕೆ ಹೊರಟರೆ ಏನೂ ಇಲ್ಲ! ಕೊಂಡು 17 ವರ್ಷ ಆದ ಮೇಲೆ ಬಂದ ಪ್ರಶ್ನೆ ಅದು.

ಕೋಕ್ ಸುಮ್ಮನೆ ಕೂರಲಿಲ್ಲ. ಎಫ್‌ಬಿಐನಲ್ಲಿ ಕೆಲಸ ಮಾಡಿದ್ದವರನ್ನು ನೇಮಿಸಿ ತನಿಖೆ ಮಾಡಿಸಿದರು. ಬಾಟಲಿಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ತನಿಖೆಗೆ ಹೋಯ್ತು. ಫ್ರಾನ್ಸಿನ ಭೌತವಿಜ್ಞಾನಿ ಫಿಲಿಪ್ ಊಬೇರ್ ಅವರ ಹತ್ತಿರ ಒಂದು ಜಾಣ ಪರೀಕ್ಷೆ ಇತ್ತು. ಅಣುಬಾಂಬ್ ಪರೀಕ್ಷೆಗಳು ಶುರುವಾದ ಮೇಲೆ ಸೀಸಿಯಂ-137 ಅನ್ನೋ ವಿಕಿರಣ ಧಾತು ಗಾಳಿಗೆ ಸೇರಿ ಎಲ್ಲ ಬೆಳೆಗೂ ಇಳಿದಿದೆ. ಅದಕ್ಕೂ ಮುಂಚಿನ ವೈನ್‌ನಲ್ಲಿ ಅದು ಇರಲ್ಲ. ಬಾಟಲಿ ತೆರೆಯದೆ ಹೊರಗಿನಿಂದಲೇ ಅಳೆಯಬಹುದು. ಅಳೆದರು. ಸೀಸಿಯಂ ಇರಲಿಲ್ಲ. ಅಂದರೆ ವೈನ್ ಅಣುಯುಗಕ್ಕಿಂತ ಹಳೇದು. ಆದರೆ ಎಷ್ಟು ಹಳೇದು? 1787ರದ್ದೋ, 1887ರದ್ದೋ, 1937ರದ್ದೋ, ಆ ಪರೀಕ್ಷೆ ಹೇಳಲ್ಲ. ಸುಳಿವು ಸಿಕ್ಕಿದ್ದು ಗಾಜಿನ ಮೇಲೆ. ಕೆತ್ತನೆಯ ಗೆರೆಗಳನ್ನು ಪರೀಕ್ಷಿಸಿದ ತಜ್ಞರು, ಇದು ದಂತವೈದ್ಯರ ಡ್ರಿಲ್‌ನಂಥ ವಿದ್ಯುತ್ ಉಪಕರಣದ ಕೆಲಸ ಅಂದರು. 18ನೇ ಶತಮಾನದಲ್ಲಿ ಅದು ಎಲ್ಲಿತ್ತು?

2006ರಲ್ಲಿ ಕೋಕ್ ಮೊಕದ್ದಮೆ ಹೂಡಿದರು. ರೋಡನ್‌ಸ್ಟಾಕ್ ಆರೋಪಗಳನ್ನು ಅಲ್ಲಗಳೆದರು. ಅಮೆರಿಕದ ಕೋರ್ಟಿನ ಅಧಿಕಾರವನ್ನೇ ಒಪ್ಪದೆ ದೂರ ಉಳಿದರು, 2018ರಲ್ಲಿ ತೀರಿಕೊಂಡರು. ಗೋಡೆಯ ಹಿಂದೆ ಏನಿತ್ತು ಅಂತ ಕೊನೆವರೆಗೂ ಹೇಳಲಿಲ್ಲ.

ತೆರೆದರೆ ತಿಳಿಯುತ್ತೆ, ತೆರೆದರೆ ಮುಗಿಯುತ್ತೆ

ಈ ವ್ಯವಹಾರದ ಮೂಲದಲ್ಲೇ ಒಂದು ಇಕ್ಕಟ್ಟಿದೆ. ಬೇರೆ ಯಾವ ಸಂಗ್ರಹದಲ್ಲೂ ಇದು ಇಷ್ಟು ಬಿಗಿಯಾಗಿಲ್ಲ. ಹಳೇ ನಾಣ್ಯವನ್ನು ತೂಗಿ ನೋಡಬಹುದು. ಚಿತ್ರದ ಬಣ್ಣವನ್ನು ಕೆರೆದು ಪರೀಕ್ಷೆಗೆ ಕಳಿಸಬಹುದು. ವೈನ್ ಹಾಗಲ್ಲ. ಒಳಗಿರೋದು ನಿಜವಾ ಅಂತ ಖಚಿತ ಮಾಡ್ಕೊಳ್ಳೋಕೆ ಬಿರಡೆ ತೆಗೀಬೇಕು. ತೆಗೆದ ಕ್ಷಣ ಅದರ ಮಾರಾಟದ ಬೆಲೆ ಸೊನ್ನೆ. ಅದಕ್ಕೇ ದುಬಾರಿ ಬಾಟಲಿಯನ್ನು ಯಾರೂ ತೆಗೆಯಲ್ಲ. ಅದಕ್ಕೇ ಮೋಸ ಮಾಡೋರಿಗೆ ಇದು ಸ್ವರ್ಗ. ಇನ್ನು ಒಂದು ವೇಳೆ ತೆಗೆದರೂ, 1787ರ ವೈನ್ ಹೇಗಿರಬೇಕು ಅಂತ ರುಚಿ ನೋಡಿ ಗೊತ್ತಿರೋರು ಭೂಮಿ ಮೇಲೆ ಎಷ್ಟು ಜನ ಸಿಗ್ತಾರೆ?

ರೂಡಿ ಕುರ್ನಿಯವಾನ್ ಅನ್ನೋ ಹೆಸರು ಕೇಳಿರಬಹುದು. ಇಂಡೋನೇಷ್ಯಾ ಮೂಲದ ಈ ಯುವಕ ಅಮೆರಿಕದಲ್ಲಿ ವೈನ್ ಪಂಡಿತ ಅಂತ ಹೆಸರು ಮಾಡಿ, ಬೋರ್ಡೋ, ಬರ್ಗಂಡಿಯ ಹಳೇ ವೈನ್‌ಗಳನ್ನು ಹರಾಜಿನಲ್ಲಿ ಕೋಟಿಗಟ್ಟಲೆಗೆ ಮಾರಿದ. ಮನೆಯಲ್ಲಿ ಬೇರೆ ಬೇರೆ ವೈನ್ ಬೆರೆಸಿ, ಹಳೇ ಬಾಟಲಿಗೆ ತುಂಬಿ, ಲೇಬಲ್ ಅಂಟಿಸ್ತಿದ್ದ. ಸಿಕ್ಕಿಬಿದ್ದದ್ದಕ್ಕೆ ಒಂದು ಕಾರಣ ರುಚಿ ಅಲ್ಲ, ಇಸವಿ. 2008ರ ಒಂದು ಹರಾಜಿನಲ್ಲಿ ಬರ್ಗಂಡಿಯ ಪೋನ್ಸೋ ತೋಟದ 1945ರ ಕ್ಲೋ ಸಾಂ-ಡೆನಿ ವೈನ್ ಅಂತ ಪಟ್ಟಿಯಲ್ಲಿ ಬಂತು. ಆ ತೋಟದ ಲೋರಾಂ ಪೋನ್ಸೋ ನ್ಯೂಯಾರ್ಕಿಗೇ ಹಾರಿ ಬಂದು ತಡೆದರು. ಅವರ ಮನೆಯವರು ಆ ವೈನ್ ಮಾಡೋಕೆ ಶುರು ಮಾಡಿದ್ದೇ 1980ರ ದಶಕದಲ್ಲಿ! 2012ರಲ್ಲಿ ಕುರ್ನಿಯವಾನ್ ಬಂಧನ ಆಯ್ತು, 2014ರಲ್ಲಿ 10 ವರ್ಷ ಶಿಕ್ಷೆ.

ಪೋನ್ಸೋ ಹತ್ತಿರ ಯಂತ್ರ ಇರಲಿಲ್ಲ, ಪ್ರಯೋಗಾಲಯ ಇರಲಿಲ್ಲ. ತಮ್ಮ ಮನೆಯ ಲೆಕ್ಕ ಗೊತ್ತಿತ್ತು, ಅಷ್ಟೇ.

ಒಂದು ಸೆಲ್ಲರ್, ಒಂದು ದಾರಿ

ಈಗ ಇದರ ಎದುರಿಗೆ ಇನ್ನೊಂದು ಹರಾಜನ್ನು ಇಟ್ಟು ನೋಡೋಣ. 2010ರ ಅಕ್ಟೋಬರ್, ಹಾಂಗ್‌ಕಾಂಗ್. ಸೊದಬೀಸ್ ಸಂಸ್ಥೆ 1869ರ ಲಫೀಟ್‌ನ ಮೂರು ಬಾಟಲಿಗಳನ್ನು ಹರಾಜಿಗಿಟ್ಟಿತು. ಒಂದಕ್ಕೆ ಸುಮಾರು 8 ಸಾವಿರ ಡಾಲರ್ ಬರಬಹುದು ಅಂತ ಅಂದಾಜಿತ್ತು. ಒಂದೊಂದಕ್ಕೂ ಬಂದಿದ್ದು ಸುಮಾರು 2.3 ಲಕ್ಷ ಡಾಲರ್!

ವ್ಯತ್ಯಾಸ ಎಲ್ಲಿದೆ? ಈ ಬಾಟಲಿಗಳು ನೇರವಾಗಿ ಲಫೀಟ್‌ನ ನೆಲಮಾಳಿಗೆಯಿಂದಲೇ ಬಂದಿದ್ದವು. 1868ರಲ್ಲಿ ತೋಟ ಕೊಂಡ ಮನೆತನವೇ ಮರುವರ್ಷ ಮಾಡಿದ್ದು, ಅದೇ ಮನೆತನ 140 ವರ್ಷ ಕತ್ತಲಲ್ಲಿ ಇಟ್ಟು ಕಾದಿದ್ದು. ನಡುವೆ ದಲ್ಲಾಳಿ ಇಲ್ಲ, ಗುಟ್ಟಿನ ಗೋಡೆ ಇಲ್ಲ. ವೈನ್ ವ್ಯಾಪಾರದಲ್ಲಿ ಇದನ್ನು ಪ್ರೊವೆನೆನ್ಸ್ ಅಂತಾರೆ. ನಮ್ಮ ಮಾತಲ್ಲಿ ಹೇಳೋದಾದರೆ ಬಂದ ದಾರಿ. ಯಾರ ಕೈಯಿಂದ ಯಾರ ಕೈಗೆ, ಯಾವಾಗ, ಎಲ್ಲಿಟ್ಟಿದ್ದರು, ಕಾಗದ ಎಲ್ಲಿ. ಜಮೀನು ಕೊಳ್ಳುವಾಗ ಮೂಲಪತ್ರ ಕೇಳಲ್ವಾ, ಹಾಗೆ.

ಈ ದಾರಿಯ ಬೆಲೆ ತೋಟದವರಿಗೆ ತಡವಾಗಿ ಗೊತ್ತಾಯ್ತು. ಹಿಂದೆ ಬೋರ್ಡೋ ತೋಟಗಳು ವೈನನ್ನು ಪೀಪಾಯಿ ಸಮೇತ ವ್ಯಾಪಾರಿಗಳಿಗೆ ಕೊಟ್ಟುಬಿಡ್ತಿದ್ದವು. ಬಾಟಲಿಗೆ ತುಂಬ್ತಿದ್ದದ್ದು ಬೋರ್ಡೋದಲ್ಲೋ ಲಂಡನ್ನಿನಲ್ಲೋ ಇನ್ಯಾರೋ. ನಡುವೆ ಏನು ಬೆರೆತಿತೋ ಯಾರಿಗೆ ಗೊತ್ತು? 1924ರಲ್ಲಿ ನೆರೆಯ ಮೂಟನ್‌ನ ಬ್ಯಾರನ್ ಫಿಲಿಪ್ ಡಿ ರಾತ್‌ಶೀಲ್ಡ್, ಇನ್ಮೇಲೆ ಎಲ್ಲ ವೈನನ್ನೂ ತೋಟದಲ್ಲೇ ತುಂಬಿಸ್ತೀನಿ ಅಂತ ಹೊರಟರು. ಲಫೀಟ್ ಸೇರಿ ಉಳಿದ ದೊಡ್ಡ ತೋಟಗಳೂ ಆ ದಾರಿಗೆ ಬಂದವು. 2012ರಿಂದ ಲಫೀಟ್ ಬಾಟಲಿಗಳ ಬಾಯಿಗೆ ವಿಶಿಷ್ಟ ಸಂಖ್ಯೆ ಇರೋ ಸೀಲ್ ಬರ್ತಿದೆ, ಇಂಟರ್ನೆಟ್‌ನಲ್ಲಿ ಹಾಕಿ ನೋಡಿದರೆ ಅಸಲಿಯೋ ಅಲ್ವೋ ತಿಳಿಯುತ್ತೆ.

ಅಂಥ ಸೀಲ್ ಬೇಕಾಗಿ ಬಂದಿದ್ದು ಚೀನಾದ ಹುಚ್ಚಿನಿಂದ. 2008ರಲ್ಲಿ ಹಾಂಗ್‌ಕಾಂಗ್ ವೈನ್ ಮೇಲಿನ ಸುಂಕ ತೆಗೆದುಹಾಕಿತು. ಚೀನಾದ ಹೊಸ ಶ್ರೀಮಂತರಿಗೆ ಲಫೀಟ್ ಅಂದರೆ ಉಡುಗೊರೆ, ಅಂತಸ್ತು. 2010ರ ಅಕ್ಟೋಬರ್‌ನಲ್ಲಿ ಲಫೀಟ್‌ನವರು, 2008ರ ಬಾಟಲಿ ಮೇಲೆ ಚೀನಿ ಭಾಷೆಯ ಎಂಟು ಅನ್ನೋ ಅಕ್ಷರ ಮೂಡಿಸ್ತೀವಿ ಅಂದರು. ಎಂಟು ಅಲ್ಲಿ ಶುಭ ಸಂಖ್ಯೆ. ಆ ಸುದ್ದಿಗೇ ಬೆಲೆ ಜಿಗೀತು. ಒಳಗಿದ್ದ ವೈನ್ ನಿನ್ನೆ ಇದ್ದದ್ದೇ! ಖಾಲಿ ಲಫೀಟ್ ಬಾಟಲಿಗೂ ಗಿರಾಕಿ ಹುಟ್ಟಿಕೊಂಡರು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2011ರ ಮಧ್ಯದಿಂದ ಬೆಲೆ ಕುಸಿಯಿತು. ತುದಿಯಲ್ಲಿ ಕೊಂಡವರು ವರ್ಷಗಟ್ಟಲೆ ನಷ್ಟದಲ್ಲೇ ಕೂತರು. 2022ರ ಕೊನೆಯಿಂದ ದುಬಾರಿ ವೈನ್ ಮಾರುಕಟ್ಟೆ ಮತ್ತೆ ಇಳಿಮುಖ ಕಂಡಿತು. ಹಳೇದಾದಷ್ಟೂ ಬೆಲೆ ಏರ್ತಾನೇ ಇರುತ್ತೆ ಅನ್ನೋದು ಮಾರೋರ ಮಾತು.

ನಮಗೇನು ಇದರಿಂದ?

ನೀವು ಕೇಳಬಹುದು, ನಾವ್ಯಾರೂ ಲಫೀಟ್ ಕೊಳ್ಳೋರಲ್ಲ, ಇದೆಲ್ಲ ಯಾಕೆ ಅಂತ. ಸರಿ. ಆದರೆ ಇವತ್ತು ಮೊಬೈಲ್ ತೆರೆದರೆ ಅಪರೂಪ ಅಂತ ಮಾರೋ ವಸ್ತುಗಳಿಗೆ ಲೆಕ್ಕವಿಲ್ಲ. ಲಿಮಿಟೆಡ್ ಎಡಿಷನ್ ಶೂ, ಕೈಗಡಿಯಾರ, ಡಿಜಿಟಲ್ ಚಿತ್ರ. ದುಬಾರಿ ವೈನ್‌ನಲ್ಲಿ ಚೂರುಪಾರು ಪಾಲು ಕೊಡಿಸೋ ಆ್ಯಪ್‌ಗಳೂ ವಿದೇಶಗಳಲ್ಲಿ ಇವೆ. ಎಲ್ಲದರ ಒಳಗೂ ಇರೋದು ಒಂದೇ ವ್ಯವಹಾರ: ನಾನು ಹೇಳ್ತೀನಿ, ನೀನು ನಂಬು.

ನನ್ನ ಅಭಿಪ್ರಾಯ ಇಷ್ಟು. ಫೋರ್ಬ್ಸ್ ಆ ದಿನ ಕೊಂಡಿದ್ದು ವೈನ್ ಅಲ್ಲ, ಒಂದು ಕಥೆ. ಹಾಂಗ್‌ಕಾಂಗ್‌ನಲ್ಲಿ ಕೊಂಡವರೂ ಕೊಂಡಿದ್ದು ಕಥೆಯನ್ನೇ. ಕಥೆ ಕೊಳ್ಳೋದು ತಪ್ಪಲ್ಲ. ಅಜ್ಜಿಯ ಸರಕ್ಕೆ ನಾವು ಕೊಡೋ ಬೆಲೆ ಬರೀ ಚಿನ್ನದ್ದಲ್ವಲ್ಲ. ಆದರೆ ಒಂದು ಕಥೆಯನ್ನು ಪ್ರಶ್ನೆ ಮಾಡಿದರೆ ದಾಖಲೆ ತೋರಿಸಿತು, ಇನ್ನೊಂದು ಬರೀ ಗೋಡೆ ತೋರಿಸಿತು. ಅಷ್ಟು ದೊಡ್ಡ ಹೆಸರಿದೆ, ದೊಡ್ಡ ತಜ್ಞರಿದ್ದಾರೆ, ಪಕ್ಕದವನು ಕೈ ಎತ್ತುತ್ತಿದ್ದಾನೆ ಅಂದಾಗ ಪ್ರಶ್ನೆ ಕೇಳೋಕೆ ನಾಚಿಕೆ ಆಗುತ್ತೆ. ಬೋಸ್ಟನ್ನಿನ ಆ ಮ್ಯೂಸಿಯಂನವರು ಕೇಳಿದ್ದು ಒಂದು ಸಾದಾ ಗುಮಾಸ್ತನ ಪ್ರಶ್ನೆ: ಎಲ್ಲಿಂದ ಬಂತು? ಅದೊಂದೇ ಪ್ರಶ್ನೆ ಸಾಕಾಯ್ತು.

ಇನ್ನು ಪಾರಂಪರ್ಯ ಅನ್ನೋದು ಎಲ್ಲಿದೆ ಅಂತ ಕೇಳಿದರೆ, ನನಗೆ ಕಾಣೋದು ಹರಾಜಿನ ಮೇಜಿನ ಮೇಲಲ್ಲ. ಪೋಯಾಕ್‌ನ ಆ ಗರಸು ದಿಣ್ಣೆ ಮೇಲೆ. ಕೊರೆಯೋ ಚಳಿಯಲ್ಲಿ ಬಳ್ಳಿ ಸವರೋರು, ಪೀಪಾಯಿ ಕಟ್ಟೋರು, ಇವತ್ತು ನೆಟ್ಟ ಬಳ್ಳಿಯ ಒಳ್ಳೇ ಹಣ್ಣು ತಮ್ಮ ಕೆಲಸದ ಕಾಲದಲ್ಲಿ ಬರುತ್ತೋ ಇಲ್ವೋ ಅಂತ ಗೊತ್ತಿಲ್ಲದೆಯೂ ನೆಡೋರು. ಅವರ ಹೆಸರು ಯಾವ ಬಾಟಲಿ ಮೇಲೂ ಕೆತ್ತಿರಲ್ಲ. ಬಾಟಲಿ ನಕಲಿ ಮಾಡಬಹುದು, ಅಕ್ಷರ ಕೆತ್ತಬಹುದು. 300 ವರ್ಷ ಒಂದೇ ನೆಲದಲ್ಲಿ ಬಿಡದೆ ಮಾಡಿದ ಕೆಲಸವನ್ನು ನಕಲಿ ಮಾಡೋಕೆ ಇನ್ನೂ 300 ವರ್ಷ ಬೇಕು.

ನಿಮ್ಮ ಮನೆಯಲ್ಲಿ ಹಳೇದು ಅಂತ ಕಾಪಾಡಿಕೊಂಡು ಬಂದ ವಸ್ತು ಏನಾದರೂ ಇದ್ದರೆ, ಅದು ಯಾರ ಕೈಯಿಂದ ಬಂತು ಅಂತ ಹಿರಿಯರನ್ನು ಈಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಯಲ್ಲೇ ಇಡಿ. ಮುಂದಿನವರಿಗೆ ಆ ಚೀಟಿ ಬೇಕಾಗುತ್ತೆ.